ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಮಕ್ಕಳೇ, ನೀವು ಲಗೋರಿಗೋ ಮುಟ್ಟಾಟಕ್ಕೋ ಎರಡು ತಂಡ ಮಾಡಿಕೊಳ್ಳುತ್ತಿರುವಾಗ ಮೂರು ನಾಲ್ಕು ವರ್ಷದ ತಮ್ಮನೋ ತಂಗಿಯೋ ಬಂದು, “ನಾನೂ ಬರ್ತೀನಿ” ಎಂದು ಅಂಗಿ ಹಿಡಿದು ಜಗ್ಗಿದರೆ ಏನು ಮಾಡುತ್ತೀರಿ? ಅತ್ತಾರು ಎಂದು ಸೇರಿಸಿಕೊಳ್ಳುತ್ತೀರಿ. ಆದರೆ ಆ ಚಿಕ್ಕವರು ಸಿಕ್ಕಿಬಿದ್ದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ! ಈ ಮಾತು ಬಹಳ ಹಳೆಯದು. ಅದರಲ್ಲಿ ಅಕ್ಕರೆಯೂ ಇದೆ. ನನ್ನ ತಕರಾರು ಅದರ ಮೇಲಲ್ಲ. ಈಗೀಗ ಚಿಕ್ಕವರು ಲೆಕ್ಕಕ್ಕಿರಲಿ, ಆಟಕ್ಕೂ ಇಲ್ಲದಂತಾಗಿದ್ದಾರೆ ಎಂಬುದು ನನ್ನ ತಕರಾರು.

ಕಲಬುರಗಿಯ ಸೇಡಂ ರಸ್ತೆಯನ್ನೇ ನೋಡಿ. ವಿಶ್ವವಿದ್ಯಾಲಯದ ಕಡೆ ಹೋಗುವ ಬಸ್ಸುಗಳು, ಇಎಸ್‌ಐಸಿ ಆಸ್ಪತ್ರೆಗೆ ಹೋಗಿಬರುವ ಆಟೊಗಳು, ಸೇಡಂ ಮಳಖೇಡ ಕಡೆಯ ಕಾರ್ಖಾನೆಗಳ ಸಿಮೆಂಟ್ ಲಾರಿಗಳು. ಒಳಗಿನ ಓಣಿಗೆ ಬಂದರೆ ಬೈಕುಗಳು. ಇಂಥಲ್ಲಿ ಅವ್ವ ಮಗುವಿನ ರಟ್ಟೆ ಹಿಡಿದು ಒಳಗೆ ಕೂರಿಸಿದರೆ ತಪ್ಪು ಹೇಳಲಾದೀತೇ? ಆದರೆ ಒಳಗೆ ಕೂತ ಮಗುವಿನ ಕೈಗೆ ಮೊಬೈಲ್ ಬರುತ್ತದೆ. ಮಗು ಸುಮ್ಮನಾಗುತ್ತದೆ, ಮನೆಯವರಿಗೆಲ್ಲ ನೆಮ್ಮದಿ. ಹೀಗೆ ತಾಸುಗಟ್ಟಲೆ ಸುಮ್ಮನೆ ಕೂರುವ ಮಗುವನ್ನು ನಾವು ಜಾಣಮಗು ಎನ್ನುತ್ತೇವಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಏಕೆಂದು ಹೇಳುತ್ತೇನೆ.

ಹಸುಗೂಸನ್ನು ಗಮನಿಸಿದ್ದೀರಾ? ಅದು ಮೊದಲು ಕತ್ತು ನಿಲ್ಲಿಸುತ್ತದೆ. ಆಮೇಲೆ ಬೆನ್ನು ನೆಟ್ಟಗಾಗಿ ಕೂರುತ್ತದೆ, ಕೊನೆಗೆ ನಿಂತು ನಡೆಯುತ್ತದೆ. ಬೆಳವಣಿಗೆ ತಲೆಯಿಂದ ಕಾಲಿನ ಕಡೆಗೆ, ಮೈಯ ನಡುವಿನಿಂದ ಬೆರಳಿನ ಕಡೆಗೆ ಸಾಗುತ್ತದೆ. ಓಡುವುದು, ಜಿಗಿಯುವುದು, ಹತ್ತುವುದು, ಎಸೆಯುವುದು ಇವೆಲ್ಲ ದೊಡ್ಡ ಸ್ನಾಯುಗಳ ಕೆಲಸ. ಇವಕ್ಕೆ ಸ್ಥೂಲ ಚಲನಾ ಕೌಶಲ ಎಂದು ಹೆಸರು. ಗುಂಡಿ ಹಾಕುವುದು, ಪೆನ್ಸಿಲ್ ಹಿಡಿದು ಬರೆಯುವುದು ಸೂಕ್ಷ್ಮ ಚಲನಾ ಕೌಶಲ. ಬೆನ್ನು, ಭುಜ ಗಟ್ಟಿಯಾಗಿದ್ದರೆ ಬೆರಳಿನ ಕೆಲಸವೂ ಹಗುರ. ಮೂರು ವರ್ಷದ ಮಗುವಿಗೆ ಅ ಆ ಇ ಈ ತಿದ್ದಿಸಲು ನಾವು ಪಡುವ ಅವಸರವನ್ನು ಅದನ್ನು ಕಟ್ಟೆ ಹತ್ತಿಸುವುದರಲ್ಲಿ ತೋರಿಸಿದರೆ ಚೆನ್ನ.

ಆಟದಲ್ಲಿ ದುಡಿಯುವುದು ಸ್ನಾಯು ಮಾತ್ರವಲ್ಲ, ಮೆದುಳೂ ದುಡಿಯುತ್ತದೆ. ಒಂದು ಪ್ರಯೋಗ ಮಾಡಿ. ಒಂಟಿ ಕಾಲಿನ ಮೇಲೆ ನಿಂತು ಕಣ್ಣು ಮುಚ್ಚಿಕೊಳ್ಳಿ. ತೂರಾಡಿದಿರಾ? ನಿಮ್ಮ ಸಮತೋಲಕ್ಕೆ ಕಣ್ಣು, ಕಾಲಿನ ಸ್ನಾಯು ಮತ್ತು ಕೀಲುಗಳು, ಒಳಕಿವಿ ಈ ಮೂರೂ ಕಡೆಯಿಂದ ಸುದ್ದಿ ಬೇಕು. ಕಣ್ಣು ಮುಚ್ಚಿದಾಗ ಒಂದು ಕಡೆಯ ಸುದ್ದಿ ನಿಂತುಹೋಯಿತು. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ಲೋಟದ ನೀರಿಗೆ ಒಣ ಎಲೆಯ ಚೂರು ಹಾಕಿ ಚಮಚದಿಂದ ಗರಗರ ತಿರುಗಿಸಿ, ಚಮಚ ತೆಗೆದುಬಿಡಿ. ನೀರು ಇನ್ನೂ ತಿರುಗುತ್ತಲೇ ಇರುತ್ತದೆ. ನೀವು ಗಿರಗಿರ ತಿರುಗಿ ನಿಂತಾಗ ತಲೆ ಸುತ್ತುವುದೂ ಹೀಗೆಯೇ: ಮೈ ನಿಂತಿತು, ದ್ರವ ನಿಂತಿಲ್ಲ. ಈ ಸುದ್ದಿಗಳನ್ನೆಲ್ಲ ಹೊಂದಿಸಿ ಚಲನೆಯನ್ನು ತಿದ್ದುವುದರಲ್ಲಿ ಮೆದುಳಿನ ಹಿಂಭಾಗದ ಅನುಮಸ್ತಿಷ್ಕದ ಪಾಲು ದೊಡ್ಡದು. ಅದು ಕಲಿಯುವುದು ಪುಸ್ತಕದಿಂದಲ್ಲ, ಬಿದ್ದು ಎದ್ದು. ಪಂಚಮಿಯ ಜೋಕಾಲಿ ಹಬ್ಬದ ಸಂಭ್ರಮ ಮಾತ್ರವಲ್ಲ, ಒಳಕಿವಿಗೆ ಪಾಠವೂ ಹೌದು!

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗದರ್ಶಿ ಹೊರಡಿಸಿತು. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಾಗಿರಬೇಕು. ಪರದೆ ನೋಡುತ್ತ ಕೂರುವುದು ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ಗಂಟೆ ಒಂದೇ ಸಲಕ್ಕೆ ಬೇಕಿಲ್ಲ, ದಿನವಿಡೀ ಚೂರುಚೂರಾಗಿ ಬಂದರೂ ಸಾಕು. ನಿಮಗೂ ಒಂದು ಲೆಕ್ಕವಿದೆ: ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ.

ಜಾಗವೆಲ್ಲಿ ಎನ್ನುತ್ತೀರಾ? ನಮ್ಮ ಸೀಮೆಯಲ್ಲಿ ಬಹಳಷ್ಟು ಮನೆಗಳಿಗೆ ಶಹಾಬಾದ್ ಫರಸಿಯ ನೆಲವಿದೆ. ಎರಡು ಫರಸಿ ಕೂಡುವ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹೆಜ್ಜೆ ಇಡುತ್ತ ನಡೆಯಲು ಹೇಳಿ, ಸಮತೋಲದ ಆಟವಾಯಿತು. ಒಂದು ಫರಸಿಯಿಂದ ಇನ್ನೊಂದಕ್ಕೆ ಎರಡೂ ಕಾಲು ಕೂಡಿಸಿ ಕಪ್ಪೆಯಂತೆ ಜಿಗಿಯಲಿ. ಕುಂಟೆಬಿಲ್ಲೆ ಗೊತ್ತಲ್ಲ? ಒಂಟಿ ಕಾಲಿನಲ್ಲಿ ಕುಪ್ಪಳಿಸುವುದು ಸಾಮಾನ್ಯವಾಗಿ ನಾಲ್ಕರ ಆಸುಪಾಸಿನಲ್ಲಿ ಬರುತ್ತದೆ. ಅದಕ್ಕಿಂತ ಚಿಕ್ಕವರಿಗೆ ಎರಡೂ ಕಾಲಿನ ಕುಂಟೆಬಿಲ್ಲೆ ಮಾಡಿ. ನಿಯಮ ಬದಲಿಸುವ ಅಧಿಕಾರ ದೊಡ್ಡವರಾದ ನಿಮ್ಮದೇ. ಹಳೆಯ ಬಟ್ಟೆ ಸುತ್ತಿ ತೆಂಗಿನಕಾಯಿ ಗಾತ್ರದ ಮೆತ್ತನೆಯ ಚೆಂಡು ಕಟ್ಟಿ, ಎರಡು ಮಾರು ದೂರದಿಂದ ಮೆಲ್ಲಗೆ ಎಸೆಯಿರಿ. ಸಣ್ಣ ಚೆಂಡು ಹಿಡಿಯಲು ಅವರಿಗಿನ್ನೂ ಆಗದು. ಎತ್ತಿನ ಹಾಗೆ ನಾಲ್ಕು ಕಾಲಿನ ನಡಿಗೆ, ಏಡಿಯ ಹಾಗೆ ಅಡ್ಡ ನಡಿಗೆ ಆಡಿಸಿ. ಭುಜಕ್ಕೂ ರಟ್ಟೆಗೂ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನ ಹೊರಗೆ ಬೇಡ. ಕಲಬುರಗಿಯ ಬಿಸಿಲು ನಿಮಗೆ ಗೊತ್ತು, ಅಂಗಳದ ಕಲ್ಲು ಅಂಗಾಲು ಸುಡುತ್ತದೆ. ಮುಂಜಾನೆ ಅಥವಾ ಹೊತ್ತು ಇಳಿದ ಮೇಲೆ ಆಡಿಸಿ, ಆಗಾಗ ನೀರು ಕುಡಿಸಿ.

ಪಕ್ಕದ ಮನೆಯ ಮಗು ಬೇಗ ನಡೆಯಿತು, ನಮ್ಮದು ಇನ್ನೂ ಇಲ್ಲ ಎಂದು ಹೋಲಿಸಬೇಡಿ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಬ್ಬರೇ ನಡೆಯುವ ವಯಸ್ಸು ಸುಮಾರು 8 ತಿಂಗಳಿನಿಂದ 17 ತಿಂಗಳವರೆಗೂ ಹರಡಿದೆ. ಒಂದೂವರೆ ವರ್ಷವಾದರೂ ನಡೆಯದಿದ್ದರೆ ಅಂಗನವಾಡಿ ಕಾರ್ಯಕರ್ತೆಗೋ ಆಶಾ ಅಕ್ಕನಿಗೋ ತಿಳಿಸಲು ಮನೆಯಲ್ಲಿ ಹೇಳಿ. ಕಾಲಿಗೆ ಬಲವಿಲ್ಲದ ಮಗುವಿಗೆ ಕೈಯ ಆಟವಿದೆ. ಕೂತೇ ಚೆಂಡು ಎಸೆಯಬಹುದು. ಅದನ್ನು ಗೋಡೆಗೆ ಒರಗಿಸಿ ಪ್ರೇಕ್ಷಕನನ್ನಾಗಿ ಮಾಡುವುದು ಅನ್ಯಾಯ.

ಇನ್ನೊಂದು ಮಾತು ಹುಡುಗರಿಗೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತವಳು ಅಕ್ಕ, ಬ್ಯಾಟು ಹಿಡಿದವನು ಅಣ್ಣ. ಈ ಚಿತ್ರ ಎಷ್ಟು ಮನೆಗಳಲ್ಲಿಲ್ಲ! ಹೊತ್ತುಕೊಂಡರೆ ಮಗುವಿಗೆ ನಡಿಗೆಯಿಲ್ಲ, ಅಕ್ಕನಿಗೆ ಅವಳ 60 ನಿಮಿಷವಿಲ್ಲ. ಮಗುವನ್ನು ಕೆಳಗಿಳಿಸಿ. ಆಡಿಸುವ ಸರದಿ ಅಣ್ಣನಿಗೂ ಬರಲಿ.

ಶಾಲೆಯ ಮೈದಾನಕ್ಕೂ ಇದೇ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಅದು ಏಳನೆಯ ತರಗತಿಯವರಿಗೆ ಮಾತ್ರ ಎಂದು ಎಲ್ಲೂ ಹೇಳುವುದಿಲ್ಲ. ಎಷ್ಟೋ ಶಾಲೆಗಳ ಆವರಣದಲ್ಲೇ ಅಂಗನವಾಡಿ ಇದೆ, ಕೆಲವು ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಕೂಡ ನಡೆಯುತ್ತಿವೆ. ಆ ಮಕ್ಕಳು ನಿಮ್ಮ ಕ್ರಿಕೆಟ್ ಚೆಂಡಿಗೆ ಹೆದರಿ ಬಾಗಿಲಲ್ಲೇ ನಿಲ್ಲುತ್ತಾರೆ. ಶಾಲಾ ಸಂಸತ್ತಿನ ಮುಂದಿನ ಸಭೆಯಲ್ಲಿ ಕ್ರೀಡಾ ಮಂತ್ರಿಯೇ ಈ ವಿಷಯ ಎತ್ತಲಿ. ನೆರಳಿರುವ ಒಂದು ಮೂಲೆ, ಸುಣ್ಣದ ಒಂದು ಗೆರೆ, ಗೆರೆಯ ಆಚೆ ಗಟ್ಟಿ ಚೆಂಡು ಹೋಗಬಾರದೆಂಬ ಒಂದು ನಿಯಮ. ಗೆರೆ ಎಳೆಯಲು ಮುಖ್ಯ ಗುರುಗಳ ಒಪ್ಪಿಗೆ ಬೇಕು, ಸುಣ್ಣ ಅರ್ಧ ಬಕೆಟ್ ಸಾಕು.