ಅಮ್ಮನ ಸರ ಅಡ ಇಟ್ಟು ಹೊಸ ಕ್ಯಾಮರಾ ತರಬೇಡಿ



ಇವತ್ತು ಹೊಲದ ಸುದ್ದಿ ಎರಡೇ ಮಾತು. ರಾಗಿ ತೆನೆ ಬಿಟ್ಟಿದೆ, ಮೋಡ ಹೀಗೇ ನಿಂತರೆ ಬೆಂಕಿ ರೋಗದ ಭಯ. ತೆಂಗಿನಲ್ಲಿ ಕಪ್ಪುತಲೆ ಹುಳ ಮತ್ತೆ ಕಾಣಿಸಿದೆ, ಗರಿಯ ಅಡಿಭಾಗ ಒಂದ್ಸಲ ನೋಡ್ಕೊಳ್ಳಿ. ಉಳಿದದ್ದೆಲ್ಲ ಕ್ಯಾಮರಾ ವಿಷಯ.

ಹೊಲದ ಪುಟದಲ್ಲಿ ಕ್ಯಾಮರಾ ಮಾತು ಯಾಕೆ ಅನ್ನಬೇಡಿ. ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು ಸುತ್ತ ಯಾವ ಊರಿಗೆ ಹೋದರೂ ಮದುವೆ ಫೋಟೋ ತೆಗೀತೀನಿ ಅಂತ ಹೊರಟ ಹುಡುಗ ಒಬ್ಬ ಸಿಗ್ತಾನೆ. ದುಡಿಯೋಕೆ ಹೊರಟಿದ್ದಾರೆ, ಸಂತೋಷ. ಆದರೆ ಕ್ಯಾಮರಾ ದುಡ್ಡು ಎಲ್ಲಿಂದ ಬರುತ್ತೆ? ಅಪ್ಪನ ಕೊಬ್ಬರಿ ಚೀಲದಿಂದ, ಇಲ್ಲಾ ಅಮ್ಮನ ಕೊರಳಿಂದ.

ಹೋದ ಭಾನುವಾರ ನನ್ನ ತಮ್ಮನ ಮಗ ಬಂದಿದ್ದ. ಮೊಬೈಲಲ್ಲಿ ಒಂದು ಹೊಸ ಮಾಡೆಲ್ ತೋರಿಸಿ, "ದೊಡ್ಡಪ್ಪ, 68,000 ಆಗುತ್ತೆ, ಅಮ್ಮ ಸರ ಕೊಡ್ತೀನಿ ಅಂದಿದ್ದಾಳೆ, ಅಪ್ಪಂಗೆ ನೀನು ಒಂದು ಮಾತು ಹೇಳು" ಅಂದ. ನಾನು ಹೇಳಲ್ಲ ಅಂದೆ. ಅವನಿಗೆ ಕೋಪ ಬಂತು. "ನೀನು ಹಳೇ ಕಾಲದೋನು" ಅಂದುಬಿಟ್ಟ. ಅವನಿಗೆ ಅವತ್ತು ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನನ್ನ ಮಾತು ಇಷ್ಟೇ. ಸಾಲ ಮಾಡಿ ಹೊಸ ಸಣ್ಣ ಕ್ಯಾಮರಾ ತರೋ ಬದಲು, ಕೈಯಲ್ಲಿರೋ ದುಡ್ಡಿಗೆ ಹಳೇ ಒಳ್ಳೇ ಕ್ಯಾಮರಾ ತಗೊಳ್ಳಿ, ಮಿಕ್ಕಿದ್ದನ್ನ ಲೆನ್ಸ್‌ಗೆ ಹಾಕಿ.

ಈ ಪುಟದಲ್ಲಿ ನೀವು ನೋಡೋ ಹಕ್ಕಿ, ಹುಳ, ದೇವಸ್ಥಾನದ ಫೋಟೋ ಎಲ್ಲಾ ನಿಕಾನ್ ಡಿ90ರಲ್ಲಿ ತೆಗೆದದ್ದು. ಅದು 2008ರ ಮಾಡೆಲ್. ನಾನು ತಗೊಂಡದ್ದು ಸೆಕೆಂಡ್ ಹ್ಯಾಂಡ್. "ಅದು ಬರೀ 12 ಮೆಗಾಪಿಕ್ಸೆಲ್, ಈಗಿನದು 24" ಅಂತಾರೆ. ಲೆಕ್ಕ ಹಾಕಿ ನೋಡಿ. ಡಿ90 ಫೋಟೋ ಅಗಲಕ್ಕೆ 4288 ಚುಕ್ಕೆ, 2018ರ ಡಿ3500 ಫೋಟೋ ಅಗಲಕ್ಕೆ 6000 ಚುಕ್ಕೆ. ಎರಡರಷ್ಟು ಅಂದುಕೊಂಡದ್ದು ಅಗಲದಲ್ಲಿ 1.4 ಪಟ್ಟು ಮಾತ್ರ. 18 ಇಂಚು ಅಗಲದ ಆಲ್ಬಂ ಹಾಳೆಗೆ ಡಿ90 ಫೋಟೋ ಹಾಕಿದರೂ ಇಂಚಿಗೆ 238 ಚುಕ್ಕೆ ಬೀಳುತ್ತೆ. ಮದುಮಗಳ ಅತ್ತೆ ಭೂತಗನ್ನಡಿ ಹಿಡಿದು ಆಲ್ಬಂ ನೋಡಲ್ಲ.

ಇನ್ನು ಹೊಸ ನಂಬರಿನ ಮೋಸ. ಮೋಸ ಅನ್ನೋದು ದೊಡ್ಡ ಮಾತಾದರೆ ವ್ಯಾಪಾರ ಅನ್ನಿ. ನಿಕಾನ್ ಡಿ3300 ಬಂದದ್ದು 2014ರಲ್ಲಿ. ಅದಕ್ಕೆ ಹೊರಗಿನ ಮೈಕ್ ಸಿಕ್ಕಿಸೋ ತೂತು ಇತ್ತು. ಸೆನ್ಸರ್ ಮೇಲೆ ಕೂತ ಧೂಳನ್ನ ತಾನೇ ಅದುರಿಸಿ ಉದುರಿಸೋ ವ್ಯವಸ್ಥೆಯೂ ಇತ್ತು. 2016ರಲ್ಲಿ ಡಿ3400 ಬಂತು. ನಂಬರು ಏರಿತು, ಮೈಕ್ ತೂತು ಹೋಯ್ತು, ಧೂಳು ಉದುರಿಸೋದೂ ಹೋಯ್ತು. ಬ್ಲೂಟೂತ್ ಬಂತು, ಬ್ಯಾಟರಿ ಜಾಸ್ತಿ ಹೊತ್ತು ಬಾಳೋ ಹಾಗಾಯ್ತು, ಅದನ್ನೂ ಹೇಳಬೇಕು. ಆದರೆ ಹೋದ ಎರಡೂ 2018ರ ಡಿ3500ರಲ್ಲೂ ವಾಪಸ್ ಬರಲಿಲ್ಲ. ಬೇಸಿಗೆಯಲ್ಲಿ ನಮ್ಮ ಅರಸೀಕೆರೆ ಕಡೆ ಧೂಳು ಹೇಗಿರುತ್ತೆ ನಿಮಗೇ ಗೊತ್ತು. ಹೊಲದ ಬದಿಯಲ್ಲಿ ಲೆನ್ಸ್ ಬದಲಾಯಿಸೋನಿಗೆ ಯಾವುದು ಬೇಕು?

ಕ್ಯಾನನ್‌ನಲ್ಲೂ ಇದೇ ಕತೆ. 2013ರ 700ಡಿಗೆ ಲೆನ್ಸ್ ಕೂರೋ ಬಳೆ ಲೋಹದ್ದು. ಪರದೆ ಹೊರಳುತ್ತೆ, ಮೈಕ್ ತೂತಿದೆ. 2018ರ 3000ಡಿಯಲ್ಲಿ ಆ ಬಳೆ ಪ್ಲಾಸ್ಟಿಕ್, ಪರದೆ ಹೊರಳಲ್ಲ, ಮೈಕ್ ತೂತಿಲ್ಲ. ಎರಡೂ 18 ಮೆಗಾಪಿಕ್ಸೆಲ್ಲೇ. "ಅದು ಮೇಲಿನ ದರ್ಜೆಯದು, ಇದು ಕೆಳಗಿನದು, ಹೋಲಿಸಬಾರದು" ಅಂತ ಯಾರಾದರೂ ಅಂದರೆ, ಸ್ವಾಮಿ, ನಾನು ಹೇಳ್ತಿರೋದೂ ಅದನ್ನೇ. ಕಡಿಮೆ ದುಡ್ಡಿಗೆ ಹೊಸ ಪೆಟ್ಟಿಗೆಯಲ್ಲಿ ಸಿಗೋದು ಕೆಳಗಿನ ದರ್ಜೆ. ಅದಕ್ಕಿಂತ ಕಡಿಮೆಗೆ ಹಳೇದರಲ್ಲಿ ಮೇಲಿನ ದರ್ಜೆ ಸಿಗುತ್ತೆ. ಟ್ರ್ಯಾಕ್ಟರ್ ವಿಷಯದಲ್ಲಿ ನಮಗೆ ಇದು ಗೊತ್ತು, ಕ್ಯಾಮರಾ ವಿಷಯದಲ್ಲಿ ಮರೆತುಬಿಡ್ತೀವಿ.

ಲೆನ್ಸ್ ಮಾತಿಗೆ ಬರೋಣ. ಬೇಲೂರು ಚೆನ್ನಕೇಶವ ದೇವಸ್ಥಾನದ ಒಳಗೆ ಹೋಗಿ ನಿಲ್ಲಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ ಅದು. ಕಂಬಗಳು ಕನ್ನಡಿ ಹಾಗೆ ಹೊಳೆದರೂ ನವರಂಗದಲ್ಲಿ ಕತ್ತಲೆ. ಕ್ಯಾಮರಾ ಜೊತೆ ಬರೋ 18-55 ಲೆನ್ಸ್ 55ರಲ್ಲಿ ಎಫ್ 5.6ರಷ್ಟೇ ಬಾಯಿ ತೆರೆಯುತ್ತೆ. 50ರ ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಮೀರಿ ಬೆಳಕು ಒಳಗೆ ಬಿಡುತ್ತೆ. ಹೊರಗೆ ಸೂರಿನ ಕೆಳಗಿನ ದರ್ಪಣ ಸುಂದರಿ ಬೇಕಾದರೆ ಉದ್ದ ಲೆನ್ಸ್ ಬೇಕು, ಹೊಸ ಬಾಡಿ ಅವಳನ್ನ ಕೆಳಗೆ ಇಳಿಸಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ಆ ಕಲ್ಲು ಒಂಬೈನೂರು ವರ್ಷದಿಂದ ಅಲ್ಲಾಡದೆ ನಿಂತಿದೆ. ಅದರ ಫೋಟೋಗೆ ಈ ವರ್ಷದ ಮಾಡೆಲ್ಲೇ ಯಾಕೆ ಬೇಕು?

ಇನ್ನೊಂದು ವಿಷಯ ಅಂಗಡಿಯಲ್ಲಿ ಬಾಯಿ ಬಿಟ್ಟು ಹೇಳಲ್ಲ. ನಿಕಾನ್‌ನ ಹಳೇ 50 ಎಫ್ 1.8 ಡಿ ಲೆನ್ಸ್ ಒಳಗೆ ಮೋಟರ್ ಇಲ್ಲ. ಡಿ90, ಡಿ7000 ಬಾಡಿಯಲ್ಲೇ ಮೋಟರ್ ಇರೋದರಿಂದ ಆ ಲೆನ್ಸ್ ತಾನೇ ಫೋಕಸ್ ಆಗುತ್ತೆ. ಡಿ3500ಗೆ ಹಾಕಿದರೆ ಕೈಯಲ್ಲೇ ತಿರುಗಿಸಬೇಕು.

ಹೋದ ವರ್ಷ ಪಕ್ಕದೂರಿನ ಒಬ್ಬ ಹುಡುಗ ಕಂತಿನಲ್ಲಿ ಹೊಸದು ತಂದ, ಜೊತೆಗೆ ಬಂದ ಲೆನ್ಸ್ ಒಂದೇ. ಬೆಳಗಿನ ಜಾವದ ಮುಹೂರ್ತ, ಕರೆಂಟು ಹೋಗಿ ಜನರೇಟರ್ ದೀಪ. ಧಾರೆ ಫೋಟೋ ಅರ್ಧಕ್ಕರ್ಧ ಅಲ್ಲಾಡಿದ್ವು. ಹೆಣ್ಣಿನ ಕಡೆಯವರು ದುಡ್ಡು ಹಿಡಿದುಬಿಟ್ಟರು. ಧಾರೆ ಇನ್ನೊಂದ್ಸಲ ಎರೆಯೋಕೆ ಆಗುತ್ತಾ? ಕಂತು ಮಾತ್ರ ತಿಂಗಳು ತಿಂಗಳು ಬಂತು. ಕಟ್ಟಿದ್ದು ಅವನಪ್ಪ, ಕೊಬ್ಬರಿ ಮಾರಿ.

ಹೊಸದರಲ್ಲಿ ಏನೂ ಇಲ್ಲ ಅಂತ ನಾನು ಹೇಳಲ್ಲ. ನನ್ನ ಡಿ90ರಲ್ಲಿ ಐಎಸ್‌ಒ 3200ಕ್ಕೆ ಏರಿಸಿದರೆ ಫೋಟೋ ರವೆ ಚೆಲ್ಲಿದ ಹಾಗೆ ಕಾಣುತ್ತೆ, ಹೊಸವು ಅಲ್ಲಿ ಮೇಲು. ಎಚ್‌ಡಿ ವಿಡಿಯೋ ಅಂತೂ ಡಿ90ರಲ್ಲಿ ಒಂದು ಸಲಕ್ಕೆ ಐದೇ ನಿಮಿಷ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮರಾಗಳು ಕಣ್ಣು ಹುಡುಕಿ ಫೋಕಸ್ ಮಾಡ್ತವೆ, ಮದುವೆ ವಿಡಿಯೋಗೆ ಅದು ನಿಜಕ್ಕೂ ಉಪಯೋಗ. ಹಾಗಾದರೆ ಆ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ರಾಗಿ ಕೊಯ್ಯೋ ಮಷೀನನ್ನ ಎರಡು ಎಕರೆಗೋಸ್ಕರ ಯಾರಾದರೂ ಕೊಳ್ತೀವಾ? ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೊಯ್ಸಲ್ವಾ? ವಾರಕ್ಕೆರಡು ಮದುವೆ ಒಪ್ಪೋ ಕಾಲ ಬಂದಾಗ ಅದರ ದುಡಿಮೆಯಲ್ಲೇ ಹೊಸದು ಕೊಳ್ಳಲಿ, ನಾನೇ ಪೂಜೆಗೆ ಕಾಯಿ ತರ್ತೀನಿ.

ಹಳೇದು ಅಂತ ಕಣ್ಮುಚ್ಚಿ ಕೊಳ್ಳೋದೂ ತಪ್ಪು. ಎತ್ತಿಗೆ ಹಲ್ಲು ನೋಡ್ತೀವಿ, ಟ್ರ್ಯಾಕ್ಟರ್‌ಗೆ ಅವರ್ ಮೀಟರ್ ನೋಡ್ತೀವಿ, ಕ್ಯಾಮರಾಗೆ ಶಟರ್ ಎಷ್ಟು ಸಲ ಬಿದ್ದಿದೆ ನೋಡಬೇಕು. ಡಿ90ರ ಶಟರನ್ನ ಕಂಪನಿ ಪರೀಕ್ಷೆ ಮಾಡಿರೋದು ಒಂದು ಲಕ್ಷಕ್ಕೆ, ಡಿ7000ದ್ದು ಒಂದೂವರೆ ಲಕ್ಷಕ್ಕೆ. ಮದುವೆಗೆ ಎರಡು ಸಾವಿರ ಸಲ ಒತ್ತಿದರೆ ಐವತ್ತು ಮದುವೆಗೆ ಒಂದು ಲಕ್ಷ. ಸ್ಟುಡಿಯೋದವರ ಕ್ಯಾಮರಾ ಕೊಳ್ಳೋ ಮುಂಚೆ ಈ ಲೆಕ್ಕ ನೆನಪಿರಲಿ. ನಿಕಾನ್ ಆದರೆ ಅದರಲ್ಲಿ ತೆಗೆದ ಒಂದು ಫೋಟೋದ ಒಳಗಿನ ಮಾಹಿತಿಯಲ್ಲೇ ಆ ಎಣಿಕೆ ಸಿಗುತ್ತೆ. ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಹಾಗೆ ಸಿಗಲ್ಲ, ಗೊತ್ತಿರೋ ರಿಪೇರಿಯವರ ಹತ್ತಿರ ತೋರಿಸಿ. ಎಫ್ 16 ಇಟ್ಟು ಬಿಳೀ ಗೋಡೆ ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು, ಕಲೆ ಚುಕ್ಕೆಯಾಗಿ ಕಾಣುತ್ತೆ. ಲೆನ್ಸ್‌ಗೆ ಟಾರ್ಚ್ ಬಿಟ್ಟು ನೋಡಿ, ಒಳಗೆ ಜೇಡರ ಬಲೆ ಹಾಗೆ ಎಳೆ ಕಂಡರೆ ಅದು ಬೂಸ್ಟು, ಮುಟ್ಟಬೇಡಿ. ಬೇಲೂರು ಕಡೆ ಮಳೆ ಜಾಸ್ತಿ, ಅಲ್ಲಿಯವರು ಇದನ್ನ ಎರಡು ಸಲ ನೋಡಿ. ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಕಂಪನಿಗಳೇ ಈಗ ಮಿರರ್‌ಲೆಸ್ ಕಡೆ ತಿರುಗಿವೆ. ಕ್ಯಾನನ್, ನಿಕಾನ್ 2020ರಿಂದ ಈಚೆಗೆ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಇದ್ದವರು ಇದ್ದದ್ದನ್ನ ಮಾರ್ತಿದ್ದಾರೆ, ಬೆಲೆ ಇಳಿದಿದೆ. ಎಲ್ಲರೂ ಮಾರುವಾಗ ಕೊಳ್ಳೋನಿಗೆ ಲಾಭ ಅಂತ ಕೊಬ್ಬರಿ ಮಾರುಕಟ್ಟೆ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದೆ ಬಿಡಿಭಾಗ ಸಿಗೋದು ಕಷ್ಟ ಆಗಬಹುದು, ಅದು ನಿಜ. ಅದಕ್ಕೇ ಕಡಿಮೆ ದುಡ್ಡು ಹಾಕಿ ಅನ್ನೋದು.

ತಮ್ಮನ ಮಗ ಮಾಘದಲ್ಲಿ ಎರಡು ಮದುವೆ ಒಪ್ಪಿಕೊಂಡಿದ್ದಾನೆ. ಮಗ, ಇದನ್ನ ಓದ್ತಾ ಇದ್ರೆ ಕೇಳು. ನನ್ನ 50ರ ಲೆನ್ಸ್ ತಗೊಂಡು ಹೋಗು, ದುಡ್ಡು ಬೇಡ. ಅದಕ್ಕೆ ಹೊಂದೋ ಹಳೇ ಬಾಡಿ ಹುಡುಕೋಕೆ ಹಾಸನಕ್ಕೆ ನಾನೂ ಬರ್ತೀನಿ. ಇವತ್ತಿಗೆ ಸರ ನಿಮ್ಮಮ್ಮನ ಕೊರಳಲ್ಲೇ ಇದೆ. ಬ್ಯಾಂಕಿಗೆ ಹೋಗೋ ಮುಂಚೆ ಒಂದ್ಸಲ ನಮ್ಮನೆಗೆ ಬಾ.

ಉಳಿದವರು ನಿಮ್ಮ ಮನೆಯಲ್ಲೂ ಇಂಥ ಮಾತು ನಡೀತಿದ್ರೆ ಇದನ್ನ ಹುಡುಗರಿಗೆ ಓದಿಸಿ. ತಪ್ಪು ಹೇಳಿದ್ರೆ ಸಂತೆಯಲ್ಲಿ ಸಿಕ್ಕಾಗ ಬೈಯಿರಿ.