ಕೊಂಡಿಯ ಕೆಳಗಿನ ಗೆರೆ

ಶಿರ್ತಾಡಿ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತ ಅಜ್ಜನೊಬ್ಬನನ್ನು ಕಣ್ಮುಂದೆ ತಂದುಕೊಳ್ಳಿ. ಕಣ್ಣಿಗೆ ಪೊರೆ, ಮೊಬೈಲಿನ ಮೇಲೆ ಮಟಮಟ ಮಧ್ಯಾಹ್ನದ ಬಿಸಿಲು, ಹುಡುಕುತ್ತಿರುವುದು ಮೊಮ್ಮಗಳ ವಿದ್ಯಾರ್ಥಿವೇತನದ ಅರ್ಜಿ. ಒತ್ತಬೇಕಾದ ಪದ ಹೆಬ್ಬೆರಳಿನ ಅಡಿಯಲ್ಲೇ ಇದೆ, ಆದರೆ ಗೆರೆಯಿಲ್ಲದೆ, ಗುರುತಿಲ್ಲದೆ, ಅಕ್ಕಪಕ್ಕದ ಬೂದು ಪದಗಳೊಳಗೆ ಕರಗಿಹೋಗಿದೆ. ಅವನು ಯಾರನ್ನೂ ಬೈಯುವುದಿಲ್ಲ. ‘ನಮಗೆಲ್ಲ ಇದು ಎಲ್ಲಿ ಗೊತ್ತಾಗುತ್ತದೆ ಮಾರಾಯ್ರೇ’ ಎಂದು ತನ್ನನ್ನೇ ಹಳಿದುಕೊಂಡು ಮೊಬೈಲನ್ನು ಜೇಬಿಗಿಳಿಸುತ್ತಾನೆ. ತಪ್ಪು ಅವನದಲ್ಲ. ನಿಮಗೆ ಗೊತ್ತಿದೆ.

ಅಡಿಕೆ ತೋಟದ ಮನೆಗಳಿಂದ ಹೊರಟು, ಮೂಡುಬಿದಿರೆ, ಮಿಜಾರಿನ ಕಾಲೇಜುಗಳಲ್ಲಿ ಓದಿ, ಬೆಂಗಳೂರಿನಲ್ಲಿ ಕುಳಿತು ಜಾಲತಾಣ ಕಟ್ಟುವ ನೀವು, ಸಿಎಸ್‌ಎಸ್ ಕಲಿತ ಮೊದಲ ವಾರದಲ್ಲೇ ‘ಟೆಕ್ಸ್ಟ್-ಡೆಕೊರೇಶನ್: ನನ್’ ಎಂದು ಬರೆದವರು. ಲಿಂಕಿನ ಕೆಳಗಿನ ಗೆರೆ ಹೋಯಿತು. ಮರುದಿನ ‘ಔಟ್‌ಲೈನ್: ನನ್’ ಎಂದಿರಿ; ಕೈ ನಡುಗುವ ಕಾರಣಕ್ಕೆ ಮೌಸ್ ಬಿಟ್ಟು ಟ್ಯಾಬ್ ಕೀಲಿ ಒತ್ತುತ್ತ ಒಂದೊಂದೇ ಲಿಂಕ್ ದಾಟುವವರಿಗೆ ‘ನೀನೀಗ ಇಲ್ಲಿದ್ದೀಯ’ ಎಂದು ತೋರಿಸುತ್ತಿದ್ದ ಚೌಕಟ್ಟೂ ಹೋಯಿತು. ಮೌಸ್ ತಂದರೆ ಗೆರೆ ಮೂಡುತ್ತದಲ್ಲ ಎನ್ನುತ್ತೀರಿ. ಬೆರಳಿನಲ್ಲಿ ಮೊಬೈಲ್ ಒತ್ತುವವನಿಗೆ ಮೌಸ್ ಎಲ್ಲಿಂದ ಬಂತು? ಕೆಂಪು ಬಣ್ಣ ಕೊಟ್ಟಿದ್ದೇನಲ್ಲ ಎನ್ನುತ್ತೀರಿ. ಕೆಂಪು ಹಸಿರು ಬೇರೆಯಾಗಿ ಕಾಣದ ಕಣ್ಣುಗಳಿವೆ, ನಿಮಗೆ ಗೊತ್ತಿದೆ.

ನಿಮ್ಮ ಒಂದು ಸಬೂಬನ್ನು ಮಾತ್ರ ನಾನು ಒಪ್ಪುತ್ತೇನೆ. ಇಂಗ್ಲಿಷಿನ ಅಳತೆಗೆ ಎಳೆದ ಗೆರೆ ನಮ್ಮ ಒತ್ತಕ್ಷರಗಳಿಗೆ ಅಡ್ಡ ಬರುತ್ತದೆ. ‘ಕನ್ನಡ’ ಎಂದು ಬರೆದರೂ ನಕಾರದ ಒತ್ತಿಗೆ ತಾಗುತ್ತದೆ, ಇಲ್ಲವೇ ಅಲ್ಲಿ ತುಂಡಾಗುತ್ತದೆ. ಆದರೆ ನೆಗಡಿಯೆಂದು ಮೂಗು ಕೊಯ್ದುಕೊಳ್ಳುವರೇ? ಗೆರೆಯನ್ನು ಒತ್ತಿನಿಂದ ಕೆಳಗಿಳಿಸಲು ‘ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್’ ಇದೆ. ಒಂದೇ ಸಾಲಿನ ಕೆಲಸ.

ಬಣ್ಣವೊಂದನ್ನೇ ಗುರುತಾಗಿಸಬೇಡಿ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸವಿರಲಿ ಎಂದು ವೆಬ್‌ನ ಸುಗಮ್ಯತಾ ಮಾರ್ಗಸೂಚಿ 2008ರಲ್ಲೇ ಹೇಳಿತ್ತು. 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದಿತು. ಕಾನೂನಿನ ಹೆದರಿಕೆ ಹಾಕಲು ಇದನ್ನು ಹೇಳುತ್ತಿಲ್ಲ. ಅಜ್ಜಿಯ ಕೈಹಿಡಿದು ಮೆಟ್ಟಿಲು ಹತ್ತಿಸಲು ನಿಮಗೆ ಯಾವ ಕಾಯ್ದೆಯೂ ಬೇಕಾಗಿರಲಿಲ್ಲ.

ಲಿಂಕಿಗೆ ಅಲಂಕಾರವೇ ಬೇಡವೆಂದಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಅಷ್ಟು ಕೆತ್ತಿದವರೂ ಬಾಗಿಲನ್ನು ಗೋಡೆಯಂತೆ ಕಾಣಿಸಲಿಲ್ಲ. ನೀವೂ ಕೆತ್ತಿ, ಬಣ್ಣ ಹಚ್ಚಿ, ಗೆರೆಯನ್ನು ಚುಕ್ಕಿಯಾಗಿಸಿ, ದಪ್ಪವಾಗಿಸಿ, ನೋಡಿಬಂದ ಲಿಂಕಿಗೆ ಬೇರೆಯೇ ಬಣ್ಣ ಕೊಡಿ, ಆದರೆ ಬಾಗಿಲು ಬಾಗಿಲಾಗಿ ಕಾಣಲಿ, ಪೊರೆ ಬಂದ ಕಣ್ಣಿಗೂ ಕಾಣಲಿ, ಬಿಸಿಲಲ್ಲಿ ನಿಂತವನಿಗೂ ಕಾಣಲಿ.

ಇಂದು ರಾತ್ರಿ ಮೌಸನ್ನು ಪಕ್ಕಕ್ಕಿಟ್ಟು, ಟ್ಯಾಬ್ ಕೀಲಿಯೊಂದರಿಂದಲೇ ನಿಮ್ಮ ಪುಟದ ಕೊನೆಯವರೆಗೆ ಹೋಗಿ ನೋಡಿ. ಎಲ್ಲಿದ್ದೀರೆಂದು ನಿಮಗೇ ತಿಳಿಯದಿದ್ದರೆ, ‘ನನ್’ ಎಂದು ಬರೆದ ಆ ಎರಡು ಸಾಲುಗಳನ್ನು ಹುಡುಕಿ ಅಳಿಸಿಬಿಡಿ.