ಚೀಲ ಒಂದೇ, ಲೆಕ್ಕ ಎರಡು

"ಅಷ್ಟೆಲ್ಲ ಕಟ್ಟಿಕೊಂಡು ಹೋಗುದು ಯಾಕೆ? ಈಗ ಅಮೆರಿಕದಲ್ಲಿ ಎಲ್ಲ ಸಿಗ್ತದಲ್ಲ." ಈ ಮಾತು ಕೇಳಿ ಕೇಳಿ ನನಗೆ ಬೊಡಿದು ಹೋಗಿದೆ ಮಾರಾಯ್ರೆ. ಹೇಳುವವರು ಹೆಚ್ಚಾಗಿ ಗಂಡಸರು, ಅಡುಗೆ ಕೋಣೆಯಲ್ಲಿ ಡಬ್ಬ ಎಲ್ಲುಂಟು ಅಂತ ಗೊತ್ತಿಲ್ಲದವರು. ಮಗಳ ಬಾಳಂತನಕ್ಕೆ ಹೋಗುವ ತಾಯಿ ಬರಿಗೈಯಲ್ಲಿ ಹೋಗ್ತಾಳಾ? ಬಾಳಂತಿ ಲೇಹ ಬೇಕು, ಹುಡಿ ಮಾಡಿಟ್ಟ ಮದ್ದು ಬೇಕು, ಮಗುವಿಗೆ ಹಳೆ ಸೀರೆಯ ಮೆತ್ತನೆ ಬಟ್ಟೆ ಬೇಕು. ಮಳೆಗಾಲದ ಮೊದಲು ಒಣಗಿಸಿಟ್ಟ ಹಲಸಿನ ಹಪ್ಪಳ ಅಲ್ಲಿನ ಯಾವ ಅಂಗಡಿಯಲ್ಲಿ ಸಿಗ್ತದೆ ಹೇಳಿ ನೋಡುವ.

ನನ್ನ ಜಗಳ ಇರುದು ಇವರ ಹತ್ರ ಅಲ್ಲ, ವಿಮಾನದವರ ಲೆಕ್ಕದ ಹತ್ರ.

ಲೆಕ್ಕ ಹೀಗೆ. ಬಜಪೆಯಿಂದ ಅಮೆರಿಕಕ್ಕೆ ನೇರ ವಿಮಾನ ಇಲ್ಲ. ಬೆಂಗಳೂರಿಗೋ ಮುಂಬೈಗೋ ಹೋಗಿ ಅಲ್ಲಿಂದ ಹತ್ತಬೇಕು. ಅಮೆರಿಕಕ್ಕೆ ಹೋಗುವ ದೊಡ್ಡ ವಿಮಾನಗಳಲ್ಲಿ ತುಂಬ ಟಿಕೆಟ್ಟಿಗೆ 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡ್ತಾರೆ, ಒಟ್ಟು 46. ಬಜಪೆಯಿಂದ ಬೆಂಗಳೂರಿಗೆ ಹಾರುವ ಒಳನಾಡಿನ ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ ಸಿಗುದು 15 ಕೆ.ಜಿ. ಎರಡೂ ಟಿಕೆಟ್ ಬೇರೆ ಬೇರೆ ಮಾಡಿಸಿದ್ರೆ 31 ಕೆ.ಜಿ. "ಹೆಚ್ಚು". ಕೆ.ಜಿ.ಗೆ 500 ರೂಪಾಯಿ ಅಂತ ಹಿಡಿದರೂ 15,500 ಆಯ್ತು. ಒಂದು ಗಂಟೆಯ ಹಾರಾಟಕ್ಕೆ ಮನುಷ್ಯನಿಗಿಂತ ಹಪ್ಪಳಕ್ಕೇ ಜಾಸ್ತಿ ದುಡ್ಡು! ಹದಿನೈದು ಗಂಟೆ ಸಮುದ್ರ ದಾಟಿಸುವವನಿಗೆ ಭಾರ ಆಗದ ಪೆಟ್ಟಿಗೆ ಶಿರಾಡಿ ಘಾಟಿ ದಾಟಿಸುವವನಿಗೆ ಭಾರ ಆಗುದು ಹೇಗೆ?

ಒಂದೇ ಟಿಕೆಟ್ಟಿನಲ್ಲಿ, ಅಂದ್ರೆ ಒಂದೇ ಪಿಎನ್‌ಆರ್ ನಂಬ್ರದಲ್ಲಿ ಎರಡೂ ಹಾರಾಟ ಇದ್ದರೆ ಈ ಕರೆಕರೆ ಇಲ್ಲ. ಕಂಪನಿ ಬೇರೆಯಾದ್ರೂ ಅವರೊಳಗೆ ಇಂಟರ್‌ಲೈನ್ ಅಂತ ಒಪ್ಪಂದ ಇರ್ತದೆ. ಬಜಪೆಯಲ್ಲಿ ಕೊಟ್ಟ ಪೆಟ್ಟಿಗೆಗೆ ಕೊನೆಯ ಊರಿನ ಚೀಟಿ ಹಚ್ಚುತ್ತಾರೆ. ಅಮೆರಿಕದಲ್ಲಂತೂ 2012ರಿಂದ ನಿಯಮವೇ ಉಂಟು: ಆ ದೇಶಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ಒಂದೇ ಟಿಕೆಟ್ಟಿಗೆ ಶುರುವಿನಲ್ಲಿ ಯಾವ ಲಗೇಜ್ ಲೆಕ್ಕ ಹಾಕಿದರೋ ಕೊನೆವರೆಗೆ ಅದೇ ಲೆಕ್ಕ. ಅಲ್ಲಿಗೆ ಇದು ಆಗದ ಕೆಲಸ ಅಲ್ಲ ಅಂತಾಯ್ತು. ಮಾಡುವ ಮನಸ್ಸು ಬೇಕು, ಅಷ್ಟೆ.

"ಹಾಗಾದ್ರೆ ಒಂದೇ ಟಿಕೆಟ್ ಮಾಡಿಸಿ, ಯಾರು ಬೇಡ ಅಂದ್ರು?" ಅಂತ ಕೇಳುವವರಿಗೆ ನನ್ನ ಉತ್ತರ: ಅದು ಎಲ್ಲ ಸಲ ಸಿಗುದಿಲ್ಲ, ಸಿಕ್ಕಿದರೂ ಹಲವು ಸಲ ದುಬಾರಿ. ಮಕ್ಕಳು ಅಲ್ಲಿ ಕೂತು ಮೊಬೈಲಿನಲ್ಲಿ ಕಡಿಮೆಯದ್ದು ಹುಡುಕಿ ಕಳಿಸ್ತಾರೆ. ಆ ಮಾರುವ ಜಾಲತಾಣಗಳು ಎರಡು ಕಂಪನಿಯ ಎರಡು ಟಿಕೆಟ್ ಜೋಡಿಸಿ ಒಂದೇ ಪ್ರಯಾಣದ ಹಾಗೆ ತೋರಿಸುದೂ ಉಂಟು. ಲಗೇಜ್ ನೀವೇ ಇಳಿಸಿ ಪುನಃ ಕೊಡಬೇಕು ಅನ್ನುವ ಮಾತು ಇರ್ತದೆ, ಎಲ್ಲಿ? ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅರವತ್ತು ದಾಟಿದ ಹೆಂಗಸು ಅದನ್ನು ಓದಬೇಕಿತ್ತು ಅಂತ ಹೇಳುದು ನ್ಯಾಯ ಅಲ್ಲ, ಅದು ಕೈ ತೊಳೆದುಕೊಳ್ಳುವ ಉಪಾಯ.

ಆ "ನೀವೇ ಇಳಿಸಿ ಪುನಃ ಕೊಡುದು" ಎಷ್ಟು ಬಂಙ ಅಂತ ನೋಡುವ. ಬೆಂಗಳೂರಿನಲ್ಲಿ ಈಗ ಎರಡು ಟರ್ಮಿನಲ್. 2023ರ ಸೆಪ್ಟೆಂಬರಿನಿಂದ ಹೊರದೇಶದ ವಿಮಾನಗಳೆಲ್ಲ ಎರಡನೆಯದರಿಂದ. ನಿಮ್ಮ ಬಜಪೆಯ ವಿಮಾನ ಒಂದನೆಯದಕ್ಕೆ ಬಂದರೆ ಬೆಲ್ಟಿನಿಂದ ಎರಡು ಪೆಟ್ಟಿಗೆ ಎಳೆದು, ಗಾಡಿಗೆ ಹಾಕಿ, ಹೊರಗೆ ಬಂದು, ಬಸ್ಸಿಗೆ ಹತ್ತಿಸಿ, ಇಳಿಸಿ, ಪುನಃ ಸಾಲಲ್ಲಿ ನಿಲ್ಲಬೇಕು. ಮೊಣಗಂಟು ನೋವಿನ ತಾಯಿ, ಒಬ್ಬಳೇ. ಮೊದಲ ವಿಮಾನ ತಡ ಆಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಸಂಬಂಧವೇ ಇಲ್ಲ. ಅವರ ಲೆಕ್ಕದಲ್ಲಿ ನೀವು ಬರಲೇ ಇಲ್ಲ, ಟಿಕೆಟ್ ಹೋಯ್ತು.

ದುಬಾಯಿಗೆ ಹೋಗುವ ನಮ್ಮವರಿಗೆ ಈ ಉಪದ್ರ ಇಲ್ಲ. 2006ರಿಂದ ಬಜಪೆಯಿಂದಲೇ ನೇರ ಹೋಗ್ತಾರೆ, ಪೆಟ್ಟಿಗೆಯೂ ನೇರ. ಉಳಿದವರು ಎಂತ ಮಾಡ್ತಾರೆ ಗೊತ್ತುಂಟಾ? ಮನೆ ಹತ್ರವೇ ವಿಮಾನ ನಿಲ್ದಾಣ ಇಟ್ಟುಕೊಂಡು, ರಾತ್ರಿ ಬಸ್ಸಿನ ಹೊಟ್ಟೆಗೆ ಪೆಟ್ಟಿಗೆ ತುಂಬಿಸಿ ಘಾಟಿ ಹತ್ತುತ್ತಾರೆ. ಬಸ್ಸಿನವ ಕೆ.ಜಿ. ಕೇಳುದಿಲ್ಲ. 1951ರಲ್ಲಿ ನೆಹರೂ ಬಂದಿಳಿದ ನಿಲ್ದಾಣ ಅಂತ ನಾವು ಹೆಮ್ಮೆ ಪಡುದು, 2010ರಲ್ಲಿ ಕೆಂಜಾರಿನಲ್ಲಿ ಹೊಸ ಕಟ್ಟಡ ಆದಾಗ ಖುಷಿ ಪಟ್ಟದ್ದು, ಕೊನೆಗೆ ಬಸ್ಸಿನಲ್ಲಿ ನಿದ್ದೆಗೆಡ್ಲಿಕ್ಕಾ?

ಇನ್ನು ತೂಕ ಸರಿ ಇದ್ದು ಗಾತ್ರ ಹೆಚ್ಚಾದವರ ಕತೆ ಬೇರೆಯೇ. ತುಂಬ ಕಂಪನಿಗಳಲ್ಲಿ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂಟಿಮೀಟರ್ ಮೀರಬಾರದು. ಅಂದ್ರೆ 62 ಇಂಚು. ಒಂದು ವೀಣೆಯ ಪೆಟ್ಟಿಗೆ ಉದ್ದವೇ ನಾಲ್ಕೂವರೆ ಅಡಿ, 54 ಇಂಚು ಅಲ್ಲಿಗೇ ಮುಗಿಯಿತು. ಮೊಮ್ಮಗಳಿಗೆ ಅಜ್ಜಿಯ ವೀಣೆ ಕೊಂಡುಹೋಗಬೇಕಾದ್ರೆ ಎರಡೂ ಕಂಪನಿಗೆ ಮೊದಲೇ ಹೇಳಬೇಕು, ಎರಡಕ್ಕೂ ಬೇರೆ ಬೇರೆ ದುಡ್ಡು ಕಟ್ಟಬೇಕು, ಇಬ್ಬರೂ ಹೂಂ ಅನ್ನಬೇಕು. ಒಬ್ಬ ಹೂಂ ಅಂದು ಇನ್ನೊಬ್ಬ ಊಹೂಂ ಅಂದ್ರೆ ವೀಣೆ ಬೆಂಗಳೂರಿನಲ್ಲಿ ಅನಾಥ. ಸಣ್ಣ ಎಟಿಆರ್ ವಿಮಾನ ಆದ್ರೆ ಜಾಗವೇ ಕಡಿಮೆ. ಯಕ್ಷಗಾನದವರು ಕಿರೀಟ, ಚೆಂಡೆ, ಮದ್ದಲೆ ಹೊತ್ತು ಹೊರದೇಶಕ್ಕೆ ಹೋಗುವಾಗ ಎಷ್ಟು ಕೌಂಟರಿನಲ್ಲಿ ಕೈಮುಗಿಯಬೇಕೋ!

ವಿಮಾನದವರ ಮಾತಿನಲ್ಲೂ ನ್ಯಾಯ ಇಲ್ಲ ಅಂತಲ್ಲ. ಒಂದು ಪೆಟ್ಟಿಗೆ 32 ಕೆ.ಜಿ. ಮೀರಬಾರದು ಅನ್ನುದು ಸರಿಯೇ. ಎತ್ತುವ ಹುಡುಗರ ಸೊಂಟವೂ ಸೊಂಟವೇ. ದರದ ವಿಷಯವೂ ಹಾಗೆ. 15ರಿಂದ 20 ಕೆ.ಜಿ.ವರೆಗೆ ಕೆ.ಜಿ.ಗೆ 100 ರೂಪಾಯಿಗಿಂತ ಹೆಚ್ಚು ತಗೊಳ್ಳಬಾರದು ಅಂತ 2016ರಲ್ಲಿ ಡಿಜಿಸಿಎ ಹೇಳಿತ್ತು. ಮರುವರ್ಷ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸರಿ, ದರ ಅವರವರೇ ಇಟ್ಟುಕೊಳ್ಳಲಿ. ನಾನು ಕೇಳುದು ಧರ್ಮಕ್ಕೆ ಅಲ್ಲ, ಮೂರು ಸಣ್ಣ ವಿಷಯ.

ಒಂದು, ಮುಂದಿನ 24 ಗಂಟೆಯೊಳಗಿನ ಹೊರದೇಶದ ಟಿಕೆಟ್ ತೋರಿಸಿದವರಿಗೆ, ಟಿಕೆಟ್ ಬೇರೆಯಾದ್ರೂ, ಆ ಟಿಕೆಟ್ಟಿನ ತೂಕವನ್ನೇ ಒಳನಾಡಿನಲ್ಲೂ ಬಿಡಲಿ. ಬೇಕಾದ್ರೆ ಒಂದು ನಿಗದಿ ದುಡ್ಡು ತಗೊಳ್ಳಲಿ, ಕೆ.ಜಿ. ಲೆಕ್ಕ ಬೇಡ. ಎರಡು, ಟಿಕೆಟ್ ಮಾರುವಾಗ ದುಡ್ಡು ಕಟ್ಟುವ ಮೊದಲೇ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹೇಳಲಿ: ನಿಮ್ಮ ಪೆಟ್ಟಿಗೆ ಕೊನೆವರೆಗೆ ಹೋಗ್ತದೆ, ಅಥವಾ ಹೋಗುದಿಲ್ಲ. ಮೂರು, ಗಾತ್ರ ಹೆಚ್ಚಿನ ಸಾಮಾನಿಗೆ ಒಪ್ಪಿಗೆ ಕೊಟ್ಟರೆ ಬರೆದು ಕೊಡಲಿ. ಫೋನಿನಲ್ಲಿ ಒಬ್ಬ "ಆಗ್ತದೆ" ಅಂದದ್ದು ಕೌಂಟರಿನಲ್ಲಿ ನಡೆಯುದಿಲ್ಲ.

ಅವರು ಮಾಡುವವರೆಗೆ ನಾವು ಮಾಡುದು ಇಷ್ಟು. ಮಕ್ಕಳು ಟಿಕೆಟ್ ಕಳಿಸಿದ ಕೂಡ್ಲೇ ಕೇಳಿ, ಪಿಎನ್‌ಆರ್ ಒಂದಾ ಎರಡಾ ಅಂತ. ಎರಡಾದ್ರೆ ಹೆಚ್ಚಿನ ತೂಕವನ್ನು ಮನೆಯಿಂದಲೇ ಮೊದಲು ಕಟ್ಟಿ, ಸಾಮಾನ್ಯವಾಗಿ ಕೌಂಟರಿಗಿಂತ ಕಡಿಮೆ ಆಗ್ತದೆ. ಕೊಪ್ಪರ ಹಾಕಬೇಡಿ, ಎಣ್ಣೆ ಅಂಶದಿಂದ ಬೆಂಕಿ ಹಿಡಿಯುವ ವಸ್ತು ಅಂತ ತೆಗೆದು ಬಿಸಾಡ್ತಾರೆ. ಬೆಂಗಳೂರಿನಲ್ಲಿ ಪೆಟ್ಟಿಗೆ ಒಡೆದು ಬಂದರೆ ಅಲ್ಲೇ ದೂರು ಬರೆಸಿ ಚೀಟಿ ತಗೊಳ್ಳಿ, ಎರಡನೆಯವನ ಕೈಗೆ ಹೋದ ಮೇಲೆ ಇವನು ಅವನ ಮೇಲೆ, ಅವನು ಇವನ ಮೇಲೆ ಹಾಕ್ತಾನೆ. ಹೊರದೇಶದ ಪ್ರಯಾಣಕ್ಕೆ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಹಾಳಾದ್ರೆ 7 ದಿನದೊಳಗೆ, ತಡವಾಗಿ ಸಿಕ್ಕಿದರೆ 21 ದಿನದೊಳಗೆ ಬರೆದು ಕೊಡಬೇಕು. ಮತ್ತೆ, ಒಂದೇ ಟಿಕೆಟ್ ಆದ್ರೂ ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲಿ ಪೆಟ್ಟಿಗೆ ತೆಗೆದು ಕಸ್ಟಮ್ಸ್ ದಾಟಿಸಿ ಪುನಃ ಕೊಡ್ಲಿಕ್ಕುಂಟು, ಮರೆಯಬೇಡಿ.

ತಾಯಿ ಕಟ್ಟಿದ ಪೆಟ್ಟಿಗೆಯನ್ನು "ಹೆಚ್ಚುವರಿ" ಅಂತ ಕರೀತಾರೆ. ಅದರಲ್ಲಿ ಹೆಚ್ಚು ಅಂತ ಒಂದು ಹಪ್ಪಳವೂ ಇರುದಿಲ್ಲ. ಒಂದೊಂದನ್ನೂ ಬೇಕಾ ಬೇಡವಾ ಅಂತ ಮೂರು ಸಲ ತೆಗೆದು, ಮೂರು ಸಲ ಹಾಕಿ, ತಕ್ಕಡಿಯಲ್ಲಿಟ್ಟು 23ಕ್ಕೆ ನಿಲ್ಲಿಸಿದವಳು ಅವಳು. ಆ ತೂಕಕ್ಕೆ ಬಜಪೆಯಲ್ಲೂ ಮರ್ಯಾದೆ ಸಿಗಲಿ.